ಮೂವತ್ತು ರೂಪಾಯಿ ಸಂಬಳಕ್ಕೊಂದು ಅರ್ಜಿ

1912ರ ಫೆಬ್ರವರಿ 9. ಮದರಾಸಿನ ಟ್ರಿಪ್ಲಿಕೇನಿನಲ್ಲಿದ್ದ ಇಪ್ಪತ್ನಾಲ್ಕರ ಯುವಕನೊಬ್ಬ ಪೋರ್ಟ್ ಟ್ರಸ್ಟ್ ಕಚೇರಿಯ ಗುಮಾಸ್ತೆ ಹುದ್ದೆಗೆ ಅರ್ಜಿ ಬರೆದ. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ.ವರೆಗೆ (ಇಂದಿನ ಪಿಯುಸಿಯಂಥ ತರಗತಿ) ಓದಿದ್ದೇನೆ, ಕೆಲವು ತೊಂದರೆಗಳಿಂದ ಮುಂದೆ ಓದಲಾಗಲಿಲ್ಲ, ಈಗ ಪೂರ್ತಿ ಸಮಯವನ್ನು ಗಣಿತಕ್ಕೆ ಕೊಟ್ಟಿದ್ದೇನೆ, ಕೆಲಸ ಸಿಕ್ಕರೆ ಸರಿಯಾಗಿ ಮಾಡಬಲ್ಲೆ. ಹೆಚ್ಚುಕಡಿಮೆ ಇಷ್ಟೇ ಅದರ ಸಾರ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು ಪತ್ರವಿತ್ತು. ಮಾರ್ಚ್ 1ಕ್ಕೆ ಯುವಕ ಕೆಲಸಕ್ಕೆ ಹಾಜರು. ಸಂಬಳ ತಿಂಗಳಿಗೆ 30 ರೂಪಾಯಿ.

ಅವರು ಶ್ರೀನಿವಾಸ ರಾಮಾನುಜನ್.

ಎಫ್.ಎ. ಪರೀಕ್ಷೆಯಲ್ಲಿ ಅವರು ಒಂದಕ್ಕಿಂತ ಹೆಚ್ಚು ಸಲ ಫೇಲಾಗಿದ್ದರು. ಅರ್ಜಿಯಲ್ಲಿ ತಮಗಿಲ್ಲದ ಪದವಿಯನ್ನು ಹೇಳಿಕೊಳ್ಳಲಿಲ್ಲ, ಕಷ್ಟದ ಕಥೆಯನ್ನೂ ಬಿಚ್ಚಲಿಲ್ಲ. ಓದು ನಿಂತದ್ದಕ್ಕೆ ಒಂದು ಸಾಲು, ಆಮೇಲೆ ಮಾಡಿದ್ದಕ್ಕೆ ಇನ್ನೊಂದು. ಮುಂದಿನ ವರ್ಷ ಜನವರಿ 16ರಂದು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಬರೆದ ಪತ್ರದ ಧಾಟಿಯೇ ಬೇರೆ. ತಾನು ಗುಮಾಸ್ತೆ, ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ ಎಂದು ಮೊದಲೇ ತಿಳಿಸಿ, ಪುಟಗಟ್ಟಲೆ ಪ್ರಮೇಯಗಳನ್ನು ಲಗತ್ತಿಸಿದರು. ಲೆಕ್ಕಪತ್ರ ನೋಡುವವರಿಗೆ ಬೇಕಾದದ್ದು ಒಂದು, ಗಣಿತಜ್ಞನಿಗೆ ಬೇಕಾದದ್ದು ಇನ್ನೊಂದು ಎಂಬುದು ಅವರಿಗೆ ಗೊತ್ತಿತ್ತು.

ರಾಮಾನುಜನ್ ಹೀಗೆ ಓದುವವರನ್ನು ನೋಡಿ ಬರೆದರೆ, ಇಂದು ಕೆಲಸ ಹುಡುಕುವ ಅನೇಕ ಹುಡುಗ ಹುಡುಗಿಯರು ಒಂದೇ ರೆಸ್ಯೂಮೆಯನ್ನು ನೂರು ಕಡೆ ಕಳಿಸುತ್ತಾರೆ. ಮೇಲ್ಗಡೆ ‘ಕರಿಯರ್ ಆಬ್ಜೆಕ್ಟಿವ್’, ಅದರ ಕೆಳಗೆ ‘ಹಾರ್ಡ್ ವರ್ಕಿಂಗ್’, ‘ಟೀಮ್ ಪ್ಲೇಯರ್’. ಗೆಳೆಯನ ಫೈಲಿನಿಂದ ಇಳಿಸಿಕೊಂಡ ಆ ಮಾತುಗಳನ್ನು ಓದಿದವರಿಗೆ ಅಭ್ಯರ್ಥಿಯ ಬಗ್ಗೆ ಒಂದಕ್ಷರವೂ ತಿಳಿಯುವುದಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ ಮಾಡದ ಕೆಲಸದ ಅನುಭವ ಪತ್ರವನ್ನೇ ದುಡ್ಡು ಕೊಟ್ಟು ತರುತ್ತಾರೆ. ಆ ಪತ್ರದಲ್ಲಿರುವ ಕಂಪನಿಗೆ ಒಂದು ಇಮೇಲ್ ಹೋದರೆ ಸುಳ್ಳು ಬಯಲಾಗಬಹುದು, ಸಿಕ್ಕ ಕೆಲಸವೂ ಹೋಗಬಹುದು.

ನಿಜವಾಗಿ ಮಾಡಿದ ಕೆಲಸ ಮಾತ್ರ ರೆಸ್ಯೂಮೆಯ ಹೊರಗೇ ಉಳಿಯುತ್ತದೆ. ಇದೇ ನೋವಿನ ಸಂಗತಿ. ಬಿಕಾಂ ಓದುತ್ತಲೇ ಊರಿನ ಹಾಲಿನ ಡೇರಿಯ ಲೆಕ್ಕ ನೋಡಿದ ಹುಡುಗಿಯನ್ನೇ ತೆಗೆದುಕೊಳ್ಳಿ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಬಟವಾಡೆಯಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನೆಲ್ಲ ಎಕ್ಸೆಲ್‌ನಲ್ಲಿ ಕೂಡಿಸಿ, ತಾಳೆಯಾಗದ ಹತ್ತು ರೂಪಾಯಿಗಾಗಿ ರಾತ್ರಿ ಮತ್ತೆ ಪುಸ್ತಕ ತೆರೆದವಳು, ‘ಅದೇನು ಕೆಲಸವೇ?’ ಎಂದು ರೆಸ್ಯೂಮೆಯಲ್ಲಿ ಬಿಟ್ಟುಬಿಡುತ್ತಾಳೆ. ಅಕೌಂಟ್ಸ್ ಹುದ್ದೆಗೆ ಅವಳ ಬಳಿ ಅದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಅದನ್ನು ಮೂರು ಸಾಲಿನಲ್ಲಿ ಬರೆದು, ಡೇರಿ ಕಾರ್ಯದರ್ಶಿಯವರನ್ನು ಕೇಳಿಕೊಂಡು ಅವರ ಫೋನ್ ನಂಬರನ್ನೂ ಕೆಳಗೆ ಹಾಕಲಿ. ಅರ್ಜಿ ನೋಡುವವರು ಒಂದು ಫೋನ್ ಮಾಡಿ ಕೇಳಿಯಾರು.