ಫಾರ್ಮ್ಯಾಟ್‌ಗೆ ಮೊದಲು ಒಂದು ಮಾತು

ಸೋದರಿಯರೇ, ಮೊನ್ನೆ ಕುಮಾರಪಟ್ಟಣದ ನಮ್ಮ ನೆರೆಮನೆಯಾಕೆ ಕಣ್ಣೀರಿಡುತ್ತ ಬಂದಳು. "ಅಕ್ಕಾರ, ಲ್ಯಾಪ್‌ಟಾಪ್ ನಿನ್ನಿಂದ ಅಪ್‌ಡೇಟ್ ಅಂತ ತಿರಗಾಕತ್ತೇತಿ. ಅಂಗಡಿಯವ ಫಾರ್ಮ್ಯಾಟ್ ಮಾಡಬೇಕಂತಾನ. ತೀರಿಕೊಂಡ ನಮ್ಮವ್ವನ ಫೋಟೋ ಎಲ್ಲಾ ಅದರಾಗ ಅದಾವ!"

ಬಾಗಿಲು ಕಚ್ಚಿಕೊಂಡರೆ ಒಳಗಿನ ಜೋಳ ಕೆಟ್ಟೀತೆ? ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಕೆಡುವುದು ಸಾಮಾನ್ಯವಾಗಿ ವಿಂಡೋಸ್‌ನ ಕಡತಗಳು. ನಿಮ್ಮ ಫೋಟೋ, ಲೆಕ್ಕಪತ್ರ ಬೇರೆ ಫೋಲ್ಡರಿನಲ್ಲಿರುತ್ತವೆ.

ಇಂಥದು ದೊಡ್ಡವರಿಗೂ ತಪ್ಪಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟು ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಜನ ಪರದಾಡಿದರು. ತಪ್ಪು ಕಡತವೊಂದನ್ನು ಅಳಿಸಿದ ಮೇಲೆ ಯಂತ್ರಗಳು ಎದ್ದು ಕೂತವು.

ಆದ್ದರಿಂದ ಅಂಗಡಿಯವನಿಗೆ ಖಡಾಖಂಡಿತ ಹೇಳಿ: ಮೊದಲು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸು, 'ಯೂಸರ್ಸ್' ಫೋಲ್ಡರನ್ನು ನಕಲು ಮಾಡಿಕೊಡು, ಫಾರ್ಮ್ಯಾಟ್ ಆಮೇಲೆ. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಯ ಕೀಲಿ ಬೇಕು. ಹೆಚ್ಚಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ಆಕೆಗೆ ಅವ್ವನ ಫೋಟೋಗಳು ಸಿಕ್ಕವು. ಈಗ ಅಮಾವಾಸ್ಯೆಗೊಮ್ಮೆ ತಪ್ಪದೆ ಪೆನ್‌ಡ್ರೈವಿಗೆ ನಕಲು ಮಾಡಿಡುತ್ತಾಳೆ. ನೀವೂ ಇವತ್ತೇ ಮಾಡಿಡಿ, ನಾಳೆಗೆ ಬಿಡಬೇಡಿ.