ನಾವು ಕೊಳ್ಳೋದು ಮನೇನಾ, ಏರಿಯಾನಾ?

ಇಲ್ಲಿ ಬರೆದು ಬಹಳ ದಿನ ಆಯ್ತು. ಸೋಮಾರಿತನ ಅಂದ್ಕೋಬೇಡಿ (ಅದೂ ಸ್ವಲ್ಪ ಇದೆ, ಇರಲಿ ಬಿಡಿ :-) ). ಎರಡು ತಿಂಗಳಿಂದ ಮನೆ ಹುಡುಕ್ತಾ ಇದ್ದೆ. ನಾವು ಹನ್ನೊಂದು ವರ್ಷದಿಂದ ಬಾಡಿಗೆಗಿರೋ ಬಸವನಗುಡಿಯ ಮನೆಯನ್ನ ಓನರ್ ಬಿಲ್ಡರಿಗೆ ಕೊಟ್ಟಿದಾರೆ. ಹಳೇ ಮನೆ ಬೀಳಿಸಿ ನಾಲ್ಕು ಫ್ಲೋರು ಏಳಿಸ್ತಾರಂತೆ. ಮೂರು ತಿಂಗಳ ಟೈಮು ಕೊಟ್ಟಿದ್ದರು. ಪಾಪ, ಒಳ್ಳೇ ಮನುಷ್ಯ, ಹೇಳುವಾಗ ಅವರಿಗೇ ಕಸಿವಿಸಿ ಆಗ್ತಿತ್ತು.

ಮನೆ ಹುಡುಕೋಕೆ ಹೊರಟವನಿಗೆ ದಾರಿಯಲ್ಲಿ ಸಿಕ್ಕೋರೆಲ್ಲ ಹೇಳೋ ಮಾತು ಒಂದೇ: "ಇನ್ನೂ ಬಾಡಿಗೇನಾ? ಸ್ವಂತದ್ದು ತಗೊಂಬಿಡಿ ಸಾರ್". ಸರಿ ಅಂತ ಒಂದು ದಿನ ಬ್ರೋಕರ್ ಜೊತೆ ಹೋಗಿ ನೋಡಿದೆ. ಎರಡು ಬೆಡ್‌ರೂಮಿನ ಫ್ಲ್ಯಾಟು, ಕಟ್ಟಡಕ್ಕೆ ಇಪ್ಪತ್ತು ವರ್ಷ, ಲಿಫ್ಟು ಮನಸ್ಸು ಬಂದಾಗ ಕೆಲಸ ಮಾಡತ್ತೆ, ಬಚ್ಚಲಲ್ಲಿ ಪಾಚಿ, ಅಡುಗೆಮನೆ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಬೆಲೆ? ಒಂದು ಕೋಟಿ ಅರವತ್ತು ಲಕ್ಷ!

ನಾನು "ಇದಕ್ಕಾ?" ಅಂದೆ.

ಬ್ರೋಕರ್ ನನ್ನನ್ನ ನೋಡಿ ನಕ್ಕ. "ಸಾರ್, ಮನೆಗಲ್ಲ ಸಾರ್ ರೇಟು. ಏರಿಯಾಗೆ."

ಎರಡು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಅವತ್ತಿಂದ ಅದೇ ತಲೇಲಿ ಕೊರೀತಾ ಇದೆ.

ಮೊದಲು ಲೆಕ್ಕ ನೋಡೋಣ. ಎಪ್ಪತ್ತೈದು ಲಕ್ಷ ದಾಟಿದ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೊಡೋ ಹಾಗಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಸಾಲ 1 ಕೋಟಿ 20 ಲಕ್ಷ, ಕೈಯಿಂದ 40 ಲಕ್ಷ. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ ಶೇಕಡಾ 5, ಅದಕ್ಕೆ ಸೆಸ್ಸು, ಸರ್‌ಚಾರ್ಜು. ರಿಜಿಸ್ಟ್ರೇಷನ್ ಫೀಸನ್ನ 2025ರ ಆಗಸ್ಟ್ ಕೊನೆಯಲ್ಲಿ ಶೇಕಡಾ 1ರಿಂದ 2ಕ್ಕೆ ಏರಿಸಿದ್ದಾರೆ. ಎಲ್ಲ ಸೇರಿ ಇನ್ನೊಂದು 12 ಲಕ್ಷ. ಮನೆಯ ಬೀಗ ತೆಗೆಯೋಕೆ ಮುಂಚೆಯೇ 52 ಲಕ್ಷ ಬೇಕು. ಆಮೇಲೆ ಶೇಕಡಾ ಎಂಟೂವರೆ ಬಡ್ಡಿಗೆ ಇಪ್ಪತ್ತು ವರ್ಷ ತಿಂಗಳಿಗೆ 1 ಲಕ್ಷದ 4 ಸಾವಿರ ಕಂತು. ಒಟ್ಟು ಕಟ್ಟೋದು ಎರಡೂವರೆ ಕೋಟಿ, ಅದರಲ್ಲಿ 1 ಕೋಟಿ 30 ಲಕ್ಷ ಬರೀ ಬಡ್ಡಿ.

ಅದೇ ಫ್ಲ್ಯಾಟಿಗೆ ಬಾಡಿಗೆ ಎಷ್ಟು ಅಂತ ಕೇಳಿದೆ. ನಲವತ್ತು ಸಾವಿರ ಅಂದ. ವರ್ಷಕ್ಕೆ 4 ಲಕ್ಷ 80 ಸಾವಿರ, ಅಂದರೆ ಬೆಲೆಯ ಮೂರು ಪರ್ಸೆಂಟು. ಕೈಯಿಂದ ಹಾಕಬೇಕಾದ ಆ 52 ಲಕ್ಷವನ್ನ (ಇದ್ದಿದ್ದರೆ!) ಆರೂವರೆ ಪರ್ಸೆಂಟಿಗೆ ಎಫ್.ಡಿ. ಇಟ್ಟರೂ ತಿಂಗಳಿಗೆ 28 ಸಾವಿರ ಬಡ್ಡಿ ಬರತ್ತೆ. ಬಾಡಿಗೆಯ ಮುಕ್ಕಾಲು ಪಾಲು ಅಲ್ಲೇ ಹೋಯ್ತು. ನನ್ನ ಹತ್ತಿರ 52 ಇಲ್ಲ. ಪಿ.ಎಫ್., ಹೆಂಡತಿಯ ಒಡವೆ ಎಲ್ಲ ಸೇರಿಸಿದರೂ ಮೂವತ್ತರ ಆಸುಪಾಸು. ಹಾಗಾಗಿ ಬಸವನಗುಡಿಯಲ್ಲಿ ಸ್ವಂತ ಮನೆ ಅನ್ನೋ ಅಧ್ಯಾಯ ಅಲ್ಲಿಗೇ ಮುಗೀತು.

ಉಳಿದಿದ್ದು ಎರಡೇ ದಾರಿ. ಇಲ್ಲೇ ಇನ್ನೊಂದು ಬಾಡಿಗೆ ಮನೆ. ಇಲ್ಲಾಂದ್ರೆ ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿದ ಮೇಲೆ 85 ಲಕ್ಷಕ್ಕೆ ಸಿಗೋ ಹೊಸಾ ಫ್ಲ್ಯಾಟು. ಅಲ್ಲಿ 68 ಲಕ್ಷ ಸಾಲ ಸಿಗತ್ತೆ, 59 ಸಾವಿರ ಕಂತು. ಕಷ್ಟ, ಆದರೆ ಆಗತ್ತೆ.

ನನ್ನ ಹೆಂಡತಿ ಎರಡನೇದರ ಪರ. ಅವಳ ವಾದ ತಳ್ಳಿಹಾಕೋ ಹಾಗಿಲ್ಲ. "ರೀ, 2021ರಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಮೆಟ್ರೋ ಇದೆ. ದೂರ ಅನ್ನೋ ಮಾತೇ ಬೇಡ. ಮಗನಿಗೆ ಒಂದು ರೂಮು ಆಗತ್ತೆ. ಮುಖ್ಯ ಏನಂದ್ರೆ, ಇನ್ನು ಯಾರೂ ಬಂದು ಖಾಲಿ ಮಾಡಿ ಅನ್ನಲ್ಲ." ಆಮೇಲೆ ಮೆಲ್ಲಗೆ ಸೇರಿಸಿದಳು, "ನಿಮ್ಮಪ್ಪ ಮಾಡಿದ ತಪ್ಪನ್ನೇ ನೀವೂ ಮಾಡ್ತಿದೀರ."

ಆ ಕತೆ ಹೇಳಬೇಕು. ನಾನು ಹುಟ್ಟಿ ಬೆಳೆದಿದ್ದು ಇದೇ ಬಸವನಗುಡಿಯ ಒಂದು ವಠಾರದಲ್ಲಿ. ಮುಂದೆ ಓನರ್ ಮನೆ, ಹಿಂದೆ ಸಾಲಾಗಿ ಆರು ಪುಟ್ಟ ಮನೆ, ಮಧ್ಯೆ ಒಂದು ನಲ್ಲಿ, ಕೊನೇಲಿ ಎರಡು ಪಾಯಿಖಾನೆ. ಅಪ್ಪ ಸರ್ಕಾರಿ ಗುಮಾಸ್ತ. ಎಂಬತ್ತರ ದಶಕದಲ್ಲಿ ಯಾರೋ ಸ್ನೇಹಿತರು ಜೆ.ಪಿ. ನಗರದ ಕಡೆ ಸೈಟು ತಗೋ, ಕಂತಲ್ಲಿ ಕಟ್ಟಬಹುದು ಅಂದಿದ್ದರಂತೆ. ಅಪ್ಪ ಹೋಗಿ ನೋಡಿ ಬಂದು, "ಅಲ್ಲಿ ಬಸ್ಸಿಲ್ಲ, ಸಂಜೆ ಆದ್ರೆ ನರಿ ಕೂಗತ್ತೆ, ಯಾರಿಗೆ ಬೇಕು?" ಅಂದರಂತೆ. ಈಗ ಆ ಸೈಟಿನ ಬೆಲೆ ಕೇಳಿದರೆ ನರಿ ಅಲ್ಲ, ನಾವೇ ಕೂಗಬೇಕು! ನಮ್ಮ ನೆಂಟರ ಮದುವೆಗಳಲ್ಲೆಲ್ಲ ಊಟದ ಪಂಕ್ತಿಯಲ್ಲಿ ಈ ಕತೆ ಒಂದು ಸಲ ಬಂದೇ ಬರತ್ತೆ.

ಆದರೆ ನನಗೆ ಈಚೆಗೆ ಅನ್ನಿಸ್ತಿರೋದು ಬೇರೆ. ಅಪ್ಪ ಕಳೆದುಕೊಂಡಿದ್ದನ್ನ ಎಲ್ಲರೂ ಲೆಕ್ಕ ಹಾಕ್ತಾರೆ. ಪಡೆದಿದ್ದನ್ನ ಯಾರೂ ಹಾಕಲ್ಲ. ಗುಮಾಸ್ತನ ಸಂಬಳದಲ್ಲಿ ಅವರು ಮೂವತ್ತು ವರ್ಷ ಬಸವನಗುಡಿಯಲ್ಲಿ ಬಾಳಿದರು. ಸಂಜೆ ಬ್ಯೂಗಲ್ ರಾಕ್ ಮೇಲೆ ಕೂತು ಗೆಳೆಯರ ಜೊತೆ ಹರಟೆ, ಗಾಂಧಿ ಬಜಾರಿನಲ್ಲಿ ತರಕಾರಿ, 1945ರಿಂದ ಇರೋ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಪುಕ್ಕಟೆ ಉಪನ್ಯಾಸ, ಕಚೇರಿ. ಸಂಬಳದ ದಿನ ವಿದ್ಯಾರ್ಥಿ ಭವನದ ದೋಸೆ. ಕಾರ್ತಿಕದ ಕೊನೇ ಸೋಮವಾರ ಕಡಲೇಕಾಯಿ ಪರಿಷೆ. ಇದಕ್ಕೆಲ್ಲ ಅವರು ಕೊಟ್ಟಿದ್ದು ವಠಾರದ ಬಾಡಿಗೆ ಅಷ್ಟೇ.

ಇಲ್ಲೇ ನನ್ನ ಮುಖ್ಯ ತಕರಾರು ಇರೋದು. ಬಸವನಗುಡಿಯನ್ನ ಬಸವನಗುಡಿ ಮಾಡಿದ್ದು ಈಗಿನ ಓನರುಗಳೂ ಅಲ್ಲ, ಬಿಲ್ಡರುಗಳೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಆಗ ಗಾಳಿ ಬೆಳಕು ಇರೋ ಹಾಗೆ ನೇರ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಪಾರ್ಕಿಗೆ ಜಾಗ ಎಲ್ಲ ಬಿಟ್ಟು ಮೈಸೂರು ಸರ್ಕಾರ ಎಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಆಮೇಲೆ ನೂರು ವರ್ಷ ಜನ ಬಂದು ಅಂಗಡಿ ಇಟ್ಟರು, ಶಾಲೆ ಕಟ್ಟಿದರು, ಮರ ನೆಟ್ಟರು, ಹಾಡಿದರು, ಹೂವು ಮಾರಿದರು. 2017ರಲ್ಲಿ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಬಂತು, ಅದೂ ಸಾರ್ವಜನಿಕ ಹಣದಲ್ಲೇ. ಇದೆಲ್ಲದರ ಬೆಲೆ ಈಗ ಪಾಚಿ ಹಿಡಿದ ಆ ಬಚ್ಚಲಿನ ಚದರಡಿಗೆ ಸೇರಿಕೊಂಡಿದೆ. ಎಲ್ಲರೂ ಸೇರಿ ಮಾಡಿದ ರಸ್ತೆಗೆ ಒಬ್ಬರು ಬಂದು ಟಿಕೆಟ್ ಹರಿದ ಹಾಗೆ.

ಓನರ್‌ಗಳನ್ನ ಬೈಯೋದಲ್ಲ ನನ್ನ ಉದ್ದೇಶ. ನನ್ನ ಹತ್ತಿರ ಅಲ್ಲೊಂದು ಮನೆ ಇದ್ದಿದ್ದರೆ ನಾನೇನು ಅಗ್ಗಕ್ಕೆ ಮಾರ್ತಿದ್ನಾ? ಖಂಡಿತ ಇಲ್ಲ. ಒಳ್ಳೇ ಜಾಗ ಕಮ್ಮಿ, ಬೇಕಾದವರು ಜಾಸ್ತಿ, ಬೆಲೆ ಏರತ್ತೆ. ಅದು ಸರಿ. ತೊಂದರೆ ಇರೋದು ಎರಡು ಕಡೆ.

ಒಂದು, ವಠಾರಗಳು ಹೋದವು. ಕೊಳಕು, ಇಕ್ಕಟ್ಟು ಅಂತ ನಾವು ಅವನ್ನ ಆಡಿಕೊಂಡಿದ್ದೇ ಬಂತು. ಬೆಳಗ್ಗೆ ಪಾಯಿಖಾನೆ ಮುಂದೆ ಚೊಂಬು ಹಿಡಿದು ನಿಂತವನು ನಾನು, ಅದನ್ನ ಚಂದ ಅಂತ ಹೇಳಲ್ಲ. ಆದರೆ ದುಬಾರಿ ಏರಿಯಾದಲ್ಲಿ ಸಣ್ಣ ಸಂಬಳದವನೂ ಇರೋಕೆ ಇದ್ದ ಬಾಗಿಲು ಅದೊಂದೇ. ವಠಾರ ಬೀಳಿಸಿದ ಜಾಗದಲ್ಲಿ ಈಗ ಫ್ಲೋರಿಗೊಂದರಂತೆ ಮೂರು ಬೆಡ್‌ರೂಮಿನ ಮನೆ, ಕೆಳಗೆ ಪೂರ್ತಿ ಕಾರ್ ಪಾರ್ಕಿಂಗ್. ಆರೇಳು ಸಂಸಾರ ಇದ್ದ ಕಡೆ ನಾಲ್ಕು ಸಂಸಾರ, ಎಂಟು ಕಾರು! ಒಳ್ಳೆಯ ಸಣ್ಣ ಮನೆಗಳನ್ನ, ಒಳಗೇ ಪಾಯಿಖಾನೆ ಇಟ್ಟು, ಈಗಲೂ ಅಲ್ಲಿ ಕಟ್ಟಬಹುದು. ಯಾರೂ ಕಟ್ಟಲ್ಲ, ಯಾಕಂದ್ರೆ ದೊಡ್ಡ ಮನೆಗೆ ದುಡ್ಡು ಜಾಸ್ತಿ. ಹೂ ಮಾರೋಳು, ಪುಸ್ತಕದಂಗಡಿಯ ಹುಡುಗ, ರಿಟೈರ್ಡ್ ಮೇಷ್ಟ್ರು ಎಲ್ಲರೂ ಊರಾಚೆ ಹೋದ ಮೇಲೆ ಉಳಿಯೋದು ಬಸವನಗುಡಿ ಅನ್ನೋ ಬೋರ್ಡು ಮಾತ್ರ.

ಎರಡು, ನಾವು ಇನ್ನೊಂದು ಬಸವನಗುಡಿ ಮಾಡಲಿಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಅಗಲ ರಸ್ತೆ, ಪಾರ್ಕು, ಮಾರ್ಕೆಟ್ಟು ಎಲ್ಲ ಯೋಚಿಸಿ ಮಾಡಿದರು. ಅದೂ ಈಗ ಕೈಗೆಟುಕಲ್ಲ, ಯಾಕಂದ್ರೆ ಆಮೇಲೆ ಅಂಥದ್ದು ಸಾಕಷ್ಟು ಬರಲಿಲ್ಲ. ಊರಾಚೆ ಮೊದಲು ಅಪಾರ್ಟ್‌ಮೆಂಟು ಏಳತ್ತೆ, ಆಮೇಲೆ ರಸ್ತೆ, ಅದಾದ ಮೇಲೆ ಯಾವಾಗಲೋ ನೀರು. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಕಾಯ್ತಿದ್ದಿದ್ದು ಮರೆತಿಲ್ಲ ತಾನೇ? ಹೊರವಲಯದ 110 ಹಳ್ಳಿಗಳಿಗೆ ಅಂತ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಅಷ್ಟು ಹೊತ್ತಿಗೆ ಅಲ್ಲಿ ಲಕ್ಷಾಂತರ ಜನ ಮನೆ ಮಾಡಿ ಎಷ್ಟೋ ವರ್ಷ ಆಗಿತ್ತು. ನಡೆಯೋಕೆ ಫುಟ್‌ಪಾತು, ಹತ್ತು ನಿಮಿಷದಲ್ಲಿ ತರಕಾರಿ, ಕೂರೋಕೆ ಒಂದು ಕಲ್ಲುಬೆಂಚು. ಇಷ್ಟು ಹತ್ತು ಕಡೆ ಸಿಕ್ಕಿದ್ದರೆ ಒಂದೇ ಕಡೆ ಕೋಟಿಗಟ್ಟಲೆ ಯಾಕೆ ಕೊಡಬೇಕಿತ್ತು?

ಸರಿ, ಭಾಷಣ ಆಯ್ತು. ನಮ್ಮ ಮನೆ ವಿಷಯ ಏನಾಯ್ತು?

ಅಮ್ಮನಿಗೆ ಈಗ ಎಪ್ಪತ್ತಮೂರು. ಅಪ್ಪ ಹೋಗಿ ಒಂಬತ್ತು ವರ್ಷ. ಬೆಳಗ್ಗೆ ಎದ್ದು ದೊಡ್ಡ ಗಣಪತಿ, ಬಸವಣ್ಣನಿಗೆ ಕೈಮುಗಿದು, ಗಾಂಧಿ ಬಜಾರಿನಲ್ಲಿ ಒಂದು ಮೊಳ ಹೂವು ತಗೊಂಡು, ದಾರೀಲಿ ಸಿಕ್ಕ ನಾಲ್ಕು ಜನರ ಜೊತೆ ಮಾತಾಡಿ ಬರ್ತಾಳೆ. ಅವಳಿಗೆ ಇಲ್ಲಿ ಯಾರ ಸಹಾಯವೂ ಬೇಡ. ನನ್ನ ದೊಡ್ಡಮ್ಮ ಮಗನ ಜೊತೆ ಊರಾಚೆಯ ಗೇಟೆಡ್ ಕಮ್ಯುನಿಟಿಗೆ ಹೋದರು. ಈಜುಕೊಳ ಇದೆ, ಜಿಮ್ ಇದೆ. ಆದರೆ ಕೊತ್ತಂಬರಿ ಸೊಪ್ಪಿಗೂ ಮಗನೇ ಮೊಬೈಲು ಒತ್ತಬೇಕು. ಎರಡೇ ವರ್ಷದಲ್ಲಿ ಅವರು ನಡೆಯೋದೇ ಬಿಟ್ಟರು. ಹೋದಾಗೆಲ್ಲ ಬಾಲ್ಕನಿಯಲ್ಲಿ ಕೂತಿರ್ತಾರೆ.

ನಾನು ಹೆಂಡತಿಗೆ ಹೇಳಿದೆ: ಅಪ್ಪನ ತಪ್ಪು ಸೈಟು ತಗೊಳ್ಳದೇ ಇದ್ದದ್ದಲ್ಲ, ಉಳಿದ ದುಡ್ಡನ್ನ ಬೇರೆ ಎಲ್ಲೂ ಇಡದೇ ಇದ್ದದ್ದು. ನಾವು ಆ ಕಂತಿಗೂ ಬಾಡಿಗೆಗೂ ಇರೋ ವ್ಯತ್ಯಾಸವನ್ನ ಪ್ರತಿ ತಿಂಗಳು ಎತ್ತಿಡೋಣ, ತಪ್ಪದೆ. ಅವಳು ಕೂಡಲೇ ಕ್ಯಾಲ್ಕುಲೇಟರ್ ಒತ್ತಿದಳು. ವರ್ಷಕ್ಕೆ ಐದು ಪರ್ಸೆಂಟ್ ಏರಿದರೂ ನಲವತ್ತು ಸಾವಿರದ ಬಾಡಿಗೆ ಇಪ್ಪತ್ತು ವರ್ಷಕ್ಕೆ 1 ಲಕ್ಷದ 6 ಸಾವಿರ. ವ್ಯತ್ಯಾಸ ಅಂತ ನೀವು ಹೇಳೋದು ಎಂಟೊಂಬತ್ತು ವರ್ಷಕ್ಕೇ ಮುಗಿದುಹೋಗತ್ತೆ, ಆಮೇಲೆ ಬಾಡಿಗೆಯೇ ಜಾಸ್ತಿ, ಅಲ್ಲಿನ ಕಂತು ಮಾತ್ರ 59ರಲ್ಲೇ ನಿಂತಿರತ್ತೆ, ಕೊನೆಗೆ ಮನೆ ನಮ್ಮದಾಗತ್ತೆ ಅಂದಳು. ನಿಜ. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕದಲ್ಲಿ ನಾನು ಸೋತೆ ಅಂತ ಇಲ್ಲೂ ಬರೆದುಬಿಡ್ತೀನಿ.

ಆದರೂ ಇಲ್ಲೇ ಇರೋದು ಅಂತ ತೀರ್ಮಾನ ಆಗಿದೆ. ಅವಳೇ ಕೊನೆಗೆ, "ಅತ್ತೆ ಇರೋ ತನಕ. ಆಮೇಲೆ ನನ್ನ ಮಾತು" ಅಂದಳು. ಒಪ್ಪಿದೆ. ಇದು ಹಣದ ದೃಷ್ಟಿಯಿಂದ ಜಾಣತನ ಅಂತ ನಾನು ಯಾರಿಗೂ ಉಪದೇಶ ಮಾಡಲ್ಲ. ಒಳ್ಳೇ ಜಾಗದಲ್ಲಿ ಬದುಕೋದು ಒಂದು ಖರ್ಚು, ಉಳಿತಾಯ ಅಲ್ಲ. ಅದನ್ನ ಖರ್ಚು ಅಂತಲೇ ಒಪ್ಪಿಕೊಂಡು, ಯಾರಿಗೋಸ್ಕರ ಮಾಡ್ತಿದೀವಿ ಅಂತ ಗೊತ್ತಿದ್ದು ಮಾಡಿದರೆ ತಪ್ಪಿಲ್ಲ ಅನ್ನೋದಷ್ಟೇ ನನ್ನ ಅಭಿಪ್ರಾಯ. "ಇನ್ವೆಸ್ಟ್‌ಮೆಂಟ್" ಅಂತ ಸುಳ್ಳು ಹೇಳಿಕೊಂಡು ಹೆಂಡತಿಯ ಒಡವೆ ಮಾರಿ ಮೂಲೆ ಫ್ಲ್ಯಾಟು ಕೊಳ್ಳೋದಕ್ಕಿಂತ ಇದು ವಾಸಿ.

ಎರಡು ಕ್ರಾಸು ಆಚೆ ಮನೆ ಸಿಕ್ಕಿದೆ. ಈಗಿನದಕ್ಕಿಂತ ಚಿಕ್ಕದು, ಮಗನಿಗೆ ಹಾಲಿನಲ್ಲೇ ಮಂಚ. ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಅಗ್ರಿಮೆಂಟು, ಅಂದರೆ ಮುಂದಿನ ವರ್ಷ ಮತ್ತೆ ಎದೆ ಢವಢವ. ಮೊದಲನೇ ಮಹಡಿ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹದಿನೆಂಟು. ಮನೆ ತೋರಿಸೋಕೆ ಕರಕೊಂಡು ಹೋದಾಗ ನಾನು ಕೈ ಹಿಡಿಯೋಕೆ ಹೋದರೆ ಬೇಡ ಅಂದು, ಒಂದೊಂದೇ ಮೆಟ್ಟಿಲು ಎಣಿಸುತ್ತಾ ಹತ್ತಿದಳು. ಮೇಲೆ ನಿಂತು ಉಸಿರು ತಗೊಂಡು, "ದಿನಕ್ಕೆ ಒಂದೇ ಸಲ ಇಳೀತೀನಿ ಬಿಡು. ಹೂವೂ ತರಕಾರಿಯೂ ಒಟ್ಟಿಗೇ ತಂದರಾಯ್ತು" ಅಂದಳು.

ಮುಂದಿನ ಭಾನುವಾರ ಹಾಲುಕ್ಕಿಸೋದು. ನೀವೇನಂತೀರಿ, ನನ್ನ ಹೆಂಡತಿ ಹೇಳಿದ್ದೇ ಸರೀನಾ?