ಬ್ಯಾಡಗಿಯ ಕೆಂಪು ಮತ್ತು ಡಬ್ಬಿಯ ಕೆಂಪು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಹಾಗೂ ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಟ್ಟ ಗೋಬಿಯ 171 ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣ ಕಂಡುಬಂದಿತ್ತು. ಹಾವೇರಿ ಜಿಲ್ಲೆಯವರಾದ ನಾವು ಇದನ್ನು ಕೇಳಿ ಸುಮ್ಮನಿರಲಾಗದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ನೆಲವಿದು. ಖಾರ ಕಡಿಮೆ, ಬಣ್ಣ ಗಾಢ ಎಂಬುದೇ ಅದರ ಹೆಗ್ಗಳಿಕೆ. ಅದರಿಂದ ತೆಗೆದ ಓಲಿಯೋರೆಸಿನ್ ಹೊರದೇಶಗಳ ಆಹಾರಕ್ಕೂ ಕೆಂಪೇರಿಸುತ್ತದೆ. ಇಂತಹ ಊರಿನ ಮಗ್ಗುಲಲ್ಲಿ ಡಬ್ಬಿಯ ಬಣ್ಣ ಬೆರೆಸುವ ದರ್ದು ಯಾರಿಗಿದೆ?

ಹಾವೇರಿ, ರಾಣೆಬೆನ್ನೂರಿನಂತಹ ಊರುಗಳಲ್ಲಿಯೂ ಊಟವನ್ನು ಫೋನಿನಲ್ಲಿ ತರಿಸಿಕೊಳ್ಳುವ ರೂಢಿ ಬೆಳೆಯುತ್ತಿರುವುದರಿಂದ ಈ ಪ್ರಶ್ನೆಗೆ ತೂಕ ಬಂದಿದೆ. ರೂಢಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮಕ್ಕಳು ದೂರವಿರುವ ವೃದ್ಧರಿಗೆ, ಬಾಡಿಗೆ ಕೋಣೆಯ ವಿದ್ಯಾರ್ಥಿಗಳಿಗೆ ಅದೊಂದು ಅನುಕೂಲ. ಆದರೆ ಆ ಪರದೆಗೆ ತನ್ನದೇ ಲೆಕ್ಕಾಚಾರವಿದೆ. ಕರಿದದ್ದರ ಚಿತ್ರ ಮೊದಲು ಕಣ್ಣಿಗೆ ಬೀಳುತ್ತದೆ. ಇನ್ನಷ್ಟು ಕೊಂಡರೆ ಸಾಗಣೆ ಉಚಿತವೆಂದು ಆಸೆ ಹುಟ್ಟಿಸುತ್ತದೆ. ದಾಸೋಹದ ಪಂಕ್ತಿಯಲ್ಲಿ ಕುಳಿತವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಫೋನಿನ ಮುಂದೆ ಆ ಕೈ ಏಳುವುದಿಲ್ಲ.

ಕಾನೂನಿನ ನೆರವೂ ಇಲ್ಲಿ ಅರ್ಧವೇ. ಕೇಂದ್ರ ಪರವಾನಗಿಯುಳ್ಳ ಅಥವಾ ಹತ್ತು ಹಾಗೂ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಕ್ಯಾಲೊರಿ ಪ್ರಮಾಣವನ್ನು ನಮೂದಿಸಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ನಮ್ಮ ಪೇಟೆಗಳ ಒಂಟಿ ಖಾನಾವಳಿಗಳಿಗೆ ಅದು ಅನ್ವಯಿಸದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಹೇಳಿದೆ. ಪೊಟ್ಟಣದಲ್ಲಿ ಬಂದ ಪಲ್ಯದಲ್ಲಿ ಎಷ್ಟಿದೆಯೆಂದು ಬಲ್ಲವರು ಬಾಣಸಿಗರೊಬ್ಬರೇ.

ಬ್ರಿಟನ್ನಿನ ಪ್ರಯೋಗಗಳಲ್ಲಿ, ಕಡಿಮೆ ಕ್ಯಾಲೊರಿಯ ಆಹಾರವನ್ನು ಪಟ್ಟಿಯ ಮೇಲ್ಭಾಗಕ್ಕೆ ತಂದಾಗ ಜನರು ಆರ್ಡರ್ ಮಾಡುವ ಕ್ಯಾಲೊರಿ ಇಳಿದದ್ದು ಕಂಡಿದೆ. ಉಪದೇಶವಿಲ್ಲ, ನಿಷೇಧವಿಲ್ಲ, ಸ್ಥಾನ ಬದಲಾಯಿತಷ್ಟೆ. ಇದನ್ನು ಇಲ್ಲಿ ಮಾಡಲು ಕಷ್ಟವೇನಿದೆ? ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಗುರೆಳ್ಳು ಚಟ್ನಿ, ಮೊಸರು ಇರುವ ಊಟವನ್ನು ಖಾನಾವಳಿಯವರು ತಮ್ಮ ಪಟ್ಟಿಯ ಮೊದಲಿಗೆ ಇಡಬಹುದು, ಅದಕ್ಕೊಂದು ಒಳ್ಳೆಯ ಚಿತ್ರವನ್ನೂ ಹಾಕಿಸಬಹುದು. (ರೊಟ್ಟಿಯ ಚಿತ್ರ ಗೋಬಿಯಷ್ಟು ಮಿನುಗುವುದಿಲ್ಲವೆಂಬುದು ನಿಜ.) ‘ಬ್ಯಾಡಗಿ ಮೆಣಸಿನಪುಡಿ ಮಾತ್ರ, ಕೃತಕ ಬಣ್ಣವಿಲ್ಲ’ ಎಂಬ ಸಾಲನ್ನು ಸೇರಿಸಿದರೆ ಗಿರಾಕಿ ಹೆಚ್ಚುವರೇ ಹೊರತು ಕಡಿಮೆಯಾಗಲಾರರು, ಬರೆದಂತೆ ನಡೆಯಬೇಕು, ಅಷ್ಟೆ.

ತರಿಸುವ ಭಕ್ತರಲ್ಲಿಯೂ ನಮ್ಮದೊಂದು ವಿನಂತಿ. ಆರ್ಡರಿನೊಡನೆ ಸೂಚನೆ ಬರೆಯಲು ಅವಕಾಶವಿದ್ದಲ್ಲಿ ಎಣ್ಣೆ, ಉಪ್ಪು ಕಡಿಮೆ ಇರಲಿ, ಬಣ್ಣ ಬೇಡ ಎಂದು ಬರೆಯಿರಿ. ಒಬ್ಬರು ಬರೆದರೆ ಅಡುಗೆಮನೆಯಲ್ಲಿ ಅದನ್ನು ಮರೆತಾರು. ದಿನಕ್ಕೆ ಇಪ್ಪತ್ತು ಮಂದಿ ಬರೆದರೆ ಮಾಲೀಕರೇ ಮರುದಿನ ಸಂತೆಯಲ್ಲಿ ಬ್ಯಾಡಗಿ ಕಾಯಿಯ ದರ ವಿಚಾರಿಸುತ್ತಾರೆ.